ಯುದ್ಧಸ್ಮಾರಕವೂ ಶ್ರಾವಕನ ಅಣುವ್ರತವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೋ, ಊರಮುಂದಿನ ಗುಡಿಯ ಪಕ್ಕದಲ್ಲೋ, ಹೊಲದ ಬದುವಿನಲ್ಲೋ ವೀರಗಲ್ಲುಗಳು ನಿಂತಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ. ಮೇಲಿನದರಲ್ಲಿ ಅವನು ತನ್ನ ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಇದು ಅವುಗಳ ಸಾಮಾನ್ಯ ರಚನೆ. ಇಂಥ ಕಲ್ಲುಗಳಲ್ಲಿ ಎಷ್ಟೋ ದೊಡ್ಡ ಸಾಮ್ರಾಜ್ಯಗಳ ಯುದ್ಧಕ್ಕೆ ಸೇರಿದವಲ್ಲ. ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ, ತುರುಗಳನ್ನು ಬಿಡಿಸಿ ತರುವಾಗ ಪ್ರಾಣ ಕೊಟ್ಟವರ ಕಲ್ಲುಗಳವು. ಎಷ್ಟೋ ಕಡೆ ಹೆಸರು ಸವೆದುಹೋಗಿದೆ, ವೈರಿ ಯಾರೆಂಬುದು ಮರೆತುಹೋಗಿದೆ. ಆದರೂ ಹಬ್ಬದ ದಿನ ಕಲ್ಲಿಗೆ ಎಣ್ಣೆ ಸವರಿ ಕುಂಕುಮವಿಡುವ ಕೈಗಳು ಇನ್ನೂ ಇವೆ.

ಕನ್ನಡ ನಾಡಿನ ಬಸದಿಗಳ ಬಳಿ ಇನ್ನೊಂದು ಬಗೆಯ ಕಲ್ಲು ಕಾಣಸಿಗುತ್ತದೆ. ಸಲ್ಲೇಖನ ವ್ರತದಿಂದ ದೇಹವನ್ನು ತೊರೆದವರ ನಿಷಿಧಿಗಲ್ಲು ಅದು. ವೀರಗಲ್ಲು, ನಿಷಿಧಿಗಲ್ಲು ಎರಡೂ ಸಾವಿನ ಸ್ಮಾರಕಗಳೇ. ಒಂದರಲ್ಲಿರುವವನು ಕೊಲ್ಲುತ್ತ ಸತ್ತವನು. ಇನ್ನೊಂದರಲ್ಲಿರುವವನು ಯಾವ ಜೀವಕ್ಕೂ ನೋವಾಗಬಾರದೆಂದು ಅನ್ನಾಹಾರಗಳನ್ನು ಕ್ರಮವಾಗಿ ಬಿಟ್ಟು ಸತ್ತವನು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿರುವ ಹೊಯ್ಸಳ ಕಾಲದ ಪಾರ್ಶ್ವನಾಥ ಬಸದಿಗೆ ನಮಸ್ಕರಿಸಿ ಹೊರಟ ಶ್ರಾವಕನೊಬ್ಬನಿಗೆ ದಾರಿಯಲ್ಲಿ ವೀರಗಲ್ಲೊಂದು ಎದುರಾಯಿತೆನ್ನೋಣ. ಅವನು ಕೈ ಮುಗಿಯಬಹುದೇ? ಮುಗಿದರೆ ಅಣುವ್ರತಕ್ಕೆ ಭಂಗವೇ? ಮುಗಿಯದೆ ಹೋದರೆ ಕೃತಘ್ನತೆಯೇ?

ಈ ಪ್ರಶ್ನೆಗೆ ಸಮಾಜದಲ್ಲಿ ಎರಡು ಸುಲಭವಾದ ಉತ್ತರಗಳು ಚಲಾವಣೆಯಲ್ಲಿವೆ. “ಯುದ್ಧ ಕ್ಷತ್ರಿಯರ ವಿಚಾರ, ಅಹಿಂಸೆ ಪರಮಧರ್ಮವೆಂದವರಿಗೆ ಅದರ ಗೊಡವೆ ಏಕೆ?” ಎಂಬುದು ಮೊದಲನೆಯದು. ಎರಡನೆಯದು ಇದಕ್ಕೆ ತೀರಾ ವಿರುದ್ಧ. ಜೈನರು ಹೇಡಿಗಳೆಂದು ಯಾರಾದರೂ ಹಂಗಿಸಿದ ಕೂಡಲೇ ಚಾವುಂಡರಾಯ, ಗಂಗರಾಜ, ಹುಳ್ಳರಾಜರ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಎದೆಯುಬ್ಬಿಸುವುದು. ಮೊದಲ ಉತ್ತರದಲ್ಲಿ ಹೊಣೆಯಿಂದ ನುಣುಚಿಕೊಳ್ಳುವ ಜಾಣತನವಿದೆ. ಎರಡನೆಯದರಲ್ಲಿ ಮಾನ ಕಷಾಯವಿದೆ. ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯುತ್ತದೆ.

ಹಳೆಯ ವೀರಗಲ್ಲಿನ ಮುಂದೆ ಈ ಪ್ರಶ್ನೆಯನ್ನು ಪರೀಕ್ಷಿಸುವುದು ಕಷ್ಟ. ಎಂಟುನೂರು ವರ್ಷಗಳ ಹಿಂದಿನ ಜಗಳದಲ್ಲಿ ಯಾರದು ನ್ಯಾಯ, ಯಾರದು ಅನ್ಯಾಯ ಎಂದು ಇಂದು ಯಾರೂ ಕೇಳುವುದಿಲ್ಲ. ಕಾಲವೇ ಎಲ್ಲರನ್ನೂ ಕ್ಷಮಿಸಿಬಿಟ್ಟಿದೆ. ಕಾರಣ, ಆಜ್ಞೆ, ಲಾಭ, ನಷ್ಟ ಎಲ್ಲವೂ ತಿಳಿದಿರುವ, ಇನ್ನೂ ಜನರ ನೆನಪಿನಲ್ಲಿರುವ ಒಂದು ಸ್ಮಾರಕವನ್ನು ತೆಗೆದುಕೊಂಡರೆ ವಿಚಾರ ಸ್ಪಷ್ಟವಾಗುತ್ತದೆ. ಅಂಥದೊಂದು ಕನ್ನಡ ಕರಾವಳಿಯ ಅಂಚಿನಲ್ಲೇ ಇದೆ.

ಕಾರವಾರದ ಬಳಿ, ದಡದಿಂದ ಕಣ್ಣಳತೆಯ ದೂರದಲ್ಲಿ ಅಂಜದೀವ ಎಂಬ ಸಣ್ಣ ದ್ವೀಪವಿದೆ. ವಾಸ್ಕೋ ಡ ಗಾಮನ ಹಡಗುಗಳು 1498ರಲ್ಲಿ ಅಲ್ಲಿ ತಂಗಿದ್ದವು. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿ, ಮರುವರ್ಷವೇ ಅದನ್ನು ಕೆಡವಿ ಹೋದರು. 1682ರಲ್ಲಿ ಮತ್ತೆ ಬಂದು ಮತ್ತೆ ಕಟ್ಟಿದರು. ಈ ಎರಡು ಕೋಟೆಗಳ ನಡುವಿನ ಕಾಲದ ಒಂದು ಸಂಗತಿ ಮನಸ್ಸನ್ನು ಕಲಕುವಂಥದು. ಮುಂಬಯಿಯನ್ನು ವಹಿಸಿಕೊಳ್ಳಲು ಇಂಗ್ಲೆಂಡಿನ ದೊರೆ ಕಳುಹಿಸಿದ ಸೈನಿಕರನ್ನು ಪೋರ್ಚುಗೀಸ್ ಅಧಿಕಾರಿಗಳು ಕೂಡಲೇ ಒಳಗೆ ಬಿಡಲಿಲ್ಲ. ಅವರು 1660ರ ದಶಕದಲ್ಲಿ ಈ ದ್ವೀಪದಲ್ಲೇ ಕಾಯುತ್ತ ಕುಳಿತರು. ಬಹುಪಾಲು ಮಂದಿ, ಅವರ ದಳಪತಿಯೂ ಸೇರಿ, ಜ್ವರ ರೋಗಗಳಿಂದ ಅಲ್ಲೇ ಸತ್ತರು. ವೈರಿಯೇ ಇಲ್ಲದೆ, ಎರಡು ಕಚೇರಿಗಳ ಕಾಗದಪತ್ರದ ವ್ಯಾಜ್ಯದಲ್ಲಿ ಸತ್ತವರು ಅವರು. ವೀರಗಲ್ಲಿನ ಶಿಲ್ಪಿಗೆ ಅವರ ಕಥೆಯಲ್ಲಿ ಕೆತ್ತಲು ಕೆಳಗಿನ ಪಟ್ಟಿಕೆಯೇ ಸಿಗುತ್ತಿರಲಿಲ್ಲ.

ಭಾರತ ಸ್ವತಂತ್ರವಾಗಿ ಹದಿನಾಲ್ಕು ವರ್ಷಗಳಾದರೂ ಗೋವಾದೊಡನೆ ಈ ದ್ವೀಪವೂ ಪೋರ್ಚುಗೀಸರ ಕೈಯಲ್ಲೇ ಇತ್ತು. ಮಾತುಕತೆಗಳಾದವು, ಫಲಿಸಲಿಲ್ಲ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು, ಹಲವರು ಸತ್ತರು. 1961ರ ನವೆಂಬರಿನಲ್ಲಿ ಅಂಜದೀವದ ಪಕ್ಕದಲ್ಲಿ ಹಾದುಹೋಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿ ಹಡಗಿನ ಎಂಜಿನಿಯರ್ ಗಾಯಗೊಂಡ. ಕೆಲವೇ ದಿನಗಳಲ್ಲಿ ಮೀನುಗಾರನೊಬ್ಬ ಗುಂಡಿಗೆ ಬಲಿಯಾದ. ದ್ವೀಪವನ್ನು ಹಿಡಿಯಲು ಸೈನಿಕರು ಬರುತ್ತಿದ್ದಾರೆಂದು ತಿಳಿದು ಹಡಗಿನ ಮೇಲೆ ಗುಂಡು ಹಾರಿಸಿದೆವೆಂದು ಪೋರ್ಚುಗೀಸರು ಹೇಳಿದರು. ಭಯವು ಹಿಂಸೆಗೆ ಎಷ್ಟು ಸಮೀಪದ ನೆಂಟನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ವರ್ಷದ ಡಿಸೆಂಬರ್ 18ರ ಮುಂಜಾನೆ ‘ಮೈಸೂರು’ ಮತ್ತು ‘ತ್ರಿಶೂಲ್’ ಎಂಬ ಎರಡು ಯುದ್ಧನೌಕೆಗಳು ದ್ವೀಪದ ಎದುರು ನಿಂತವು. ನಾವಿಕರ ತಂಡ ದೋಣಿಗಳಲ್ಲಿ ದಡಕ್ಕೆ ಸಾಗಿತು. ಮೊದಲ ಸರದಿಯವರು ಇಳಿದರು. ನಂತರ ಬಂದವರು ಕೋಟೆಯ ಕಡೆಯಿಂದ ಬಂದ ಭಾರೀ ಗುಂಡಿನ ಸುರಿಮಳೆಗೆ ಸಿಕ್ಕಿದರು. ಏಳು ಮಂದಿ ನಾವಿಕರು ಸತ್ತರು, ಇಬ್ಬರು ಅಧಿಕಾರಿಗಳೂ ಸೇರಿ ಹಲವರು ಗಾಯಗೊಂಡರು. ನೌಕೆಗಳ ಫಿರಂಗಿಗಳು ದ್ವೀಪದ ಮೇಲೆ ಗುಂಡು ಸುರಿಸಿದ ಮೇಲೆ, ಮರುದಿನ ದ್ವೀಪ ಕೈವಶವಾಯಿತು. ಗೋವಾದ ಐಎನ್‌ಎಸ್ ಗೋಮಂತಕ ನೌಕಾನೆಲೆಯಲ್ಲಿ ಆ ಏಳು ಮಂದಿಯ ನೆನಪಿಗೆ ನಿಲ್ಲಿಸಿದ ಸ್ಮಾರಕವಿದೆ. ದ್ವೀಪ ಈಗ ಕಾರವಾರದ ಕದಂಬ ನೌಕಾನೆಲೆಯೊಡನೆ ಸೇರಿಹೋಗಿದೆ.

ಈ ಏಳು ಮಂದಿಯ ಮುಂದೆ ಶ್ರಾವಕನು ಹೇಗೆ ನಿಲ್ಲಬೇಕು?

ಶಾಸ್ತ್ರವು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆಂಬುದು ಈ ಪುಟಗಳ ಓದುಗರಿಗೆ ಹೊಸ ವಿಷಯವಲ್ಲ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ. ಅಡಿಗೆ, ಮನೆವಾರ್ತೆಗಳಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ತನ್ನನ್ನು, ತನ್ನವರನ್ನು, ದೇಶವನ್ನು ಕಾಯುವಾಗ ಆಗುವುದು ವಿರೋಧೀ. ಮುನಿಗೆ ನಾಲ್ಕೂ ತ್ಯಾಜ್ಯ. ಗೃಹಸ್ಥನು ಮೊದಲನೆಯದನ್ನು ಪೂರ್ತಿಯಾಗಿ ಬಿಡಬೇಕು. ಉಳಿದವನ್ನು ಸಾಧ್ಯವಾದಷ್ಟು ಕಡಿಮೆ ಮಾಡಬೇಕು. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಕಥೆ ವಿರೋಧೀ ಹಿಂಸೆಯ ಶುದ್ಧ ದೃಷ್ಟಾಂತ. ನೀರಿಗೆಂದು ಹೋದವಳು, ಕೊಲ್ಲಲೆಂದು ಹೋದವಳಲ್ಲ. ಅವಳ ಕೈಯಲ್ಲಿದ್ದದ್ದು ಆಯುಧಶಾಲೆಯ ಖಡ್ಗವೂ ಅಲ್ಲ, ಅಡಿಗೆಮನೆಯ ಒನಕೆ.

ಅಂಜದೀವವನ್ನು ಇಷ್ಟೇ ನಿರಾಯಾಸವಾಗಿ ವಿರೋಧೀ ಹಿಂಸೆಯ ಕೋಣೆಗೆ ಸೇರಿಸಲು ಬರುವುದಿಲ್ಲ. ಅಲ್ಲಿ ಕೋಟೆಯ ಒಳಗಿದ್ದವರು ಪರದೇಶದವರು, ಹೊರಗಿನಿಂದ ಬಂದವರು ಈ ನಾಡಿನವರು. ಮೊದಲು ಗುಂಡು ಹಾರಿಸಿದವರು ಅವರು, ನೌಕೆಗಳನ್ನು ಕಳುಹಿಸಿದವರು ಇವರು. ಅಹಿಂಸೆಯಿಂದ ಸ್ವಾತಂತ್ರ್ಯ ಪಡೆದ ದೇಶವೇ ಬಲಪ್ರಯೋಗ ಮಾಡಿತೆಂದು ಅಂದು ಪಶ್ಚಿಮದ ರಾಷ್ಟ್ರಗಳು ಭಾರತವನ್ನು ಮೂದಲಿಸಿದವು. ಪರರ ನೆಲವನ್ನು 450 ವರ್ಷ ಹಿಡಿದಿಟ್ಟುಕೊಂಡದ್ದು ಹಿಂಸೆಯಲ್ಲವೇ ಎಂದು ಭಾರತ ಕೇಳಿತು. ಆ ಪ್ರಶ್ನೆಗೆ ಮೂದಲಿಸಿದವರಲ್ಲಿ ಉತ್ತರವಿರಲಿಲ್ಲವೆಂಬುದು ನಿಜ. ಆದರೆ ಎದುರಾಳಿಗೆ ಉತ್ತರವಿಲ್ಲದ ಮಾತ್ರಕ್ಕೆ ಸಾವಿನ ಲೆಕ್ಕ ಶೂನ್ಯವಾಗುವುದಿಲ್ಲ. 959ರಲ್ಲಿ ಯಶಸ್ತಿಲಕವನ್ನು ಮುಗಿಸಿದ ಸೋಮದೇವಸೂರಿ ಜೈನ ಮುನಿಯಾಗಿದ್ದೂ ರಾಜನೀತಿಯನ್ನು ಬರೆದವನು. ಯುದ್ಧಕ್ಕೆ ಮುಂಚೆ ಬುದ್ಧಿಯಿಂದ ಸಾಧಿಸಬಹುದಾದ ಎಲ್ಲ ದಾರಿಗಳೂ ಮುಗಿದಿರಬೇಕು; ಕೈಯಲ್ಲಿ ಶಸ್ತ್ರ ಹಿಡಿದು ರಣಕ್ಕೆ ಬಂದವನ ಮೇಲೆ ಮಾತ್ರ ಶಸ್ತ್ರ ಎತ್ತಬೇಕು; ದೀನರ ಮೇಲೆ, ದುರ್ಬಲರ ಮೇಲೆ ಅಲ್ಲ ಎಂಬುದು ಅವನ ಅಭಿಪ್ರಾಯ. ಈ ಅಳತೆಗೋಲಿಗೆ ಅಂಜದೀವದ ಕಾರ್ಯಾಚರಣೆ ಬಹುಮಟ್ಟಿಗೆ ಹೊಂದುತ್ತದೆ. ಪೂರ್ತಿಯಾಗಿ ಹೊಂದುತ್ತದೆಂದು ಹೇಳಲು ಕೇವಲಜ್ಞಾನವೇ ಬೇಕಾದೀತು.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯಾಗುವ ಒಂದು ಅಂಶವಿದೆ. ಇಲ್ಲಿ ಮುಖ್ಯವಾದದ್ದು ಅದೇ. ಯುದ್ಧ ಮಾಡಬೇಕೋ ಬೇಡವೋ ಎಂಬುದನ್ನು ಆ ಏಳು ನಾವಿಕರು ನಿರ್ಧರಿಸಲಿಲ್ಲ. ದಿನ, ಗಂಟೆ, ದಡ ಎಲ್ಲವನ್ನೂ ಗೊತ್ತುಮಾಡಿದವರು ದೂರದಲ್ಲಿದ್ದರು. ಹಾಗಾದರೆ ಹಿಂಸೆಯ ಕರ್ತೃ ಯಾರು? ಜೈನ ವಿಚಾರವು ಕರ್ತೃತ್ವವನ್ನು ಒಬ್ಬನ ಕೈಗೆ ಕಟ್ಟಿಹಾಕುವುದಿಲ್ಲ. ಕೃತ, ಕಾರಿತ, ಅನುಮೋದನೆ ಎಂದು ಮೂರು ದಾರಿಗಳಿಂದ ಕರ್ಮ ಬರುತ್ತದೆ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಳ್ಳೆಯದಾಯಿತೆಂದದ್ದು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ಬಿಡಿಸಿದ್ದಾರೆ. ಹಿಂಸೆ ಮಾಡಿದವನು ಒಬ್ಬನಾದರೂ ಫಲದ ಪಾಲುದಾರರು ಹಲವರಿರಬಹುದು. ಹಲವರು ಮಾಡಿದ್ದರೂ ಫಲವು ಒಬ್ಬನ ತಲೆಗೇ ಬರಬಹುದು. ಕೈಯಾರೆ ಏನನ್ನೂ ಮಾಡದವನು ಭಾವದಿಂದ ಹಿಂಸಕನಾಗಬಹುದು. ಸಾವಿರ ವರ್ಷಗಳ ಹಿಂದಿನ ಈ ವಿವೇಚನೆ ಇಂದಿನ ಯುದ್ಧಗಳಿಗೇ ಬರೆದಂತಿದೆ.

ನಾವಿಕರು ಮಾಡಿದ್ದು ಕೃತ. ಆಜ್ಞೆ ಕೊಟ್ಟ ಸರಕಾರದ್ದು ಕಾರಿತ. ಡಿಸೆಂಬರ್ 19ರ ರಾತ್ರಿ ರೇಡಿಯೋದಲ್ಲಿ ಗೋವಾ ವಿಮೋಚನೆಯ ಸುದ್ದಿ ಕೇಳಿ ಸಿಹಿ ಹಂಚಿದವನದು ಅನುಮೋದನೆ. ಅಂಥವರಲ್ಲಿ ನಿತ್ಯ ಬಸದಿಗೆ ಹೋಗುವವರೂ ಇದ್ದಿರಲೇಬೇಕು. ಸಿಹಿ ಹಂಚಿದ್ದು ತಪ್ಪೆಂದು ಇಲ್ಲಿ ಹೇಳುತ್ತಿಲ್ಲ. ಸಿಹಿ ಹಂಚಿದ ಮೇಲೆ “ಯುದ್ಧ ನಮ್ಮ ವಿಚಾರವಲ್ಲ” ಎಂದು ಹೇಳುವ ಹಕ್ಕು ಉಳಿಯುವುದಿಲ್ಲ, ಅಷ್ಟೆ.

ವ್ಯಾಪಾರಿಯ ಪಾಲು ಇನ್ನೂ ಸ್ಪಷ್ಟ. ಹಿರಿಯೂರಿನ ಕೊಬ್ಬರಿ, ಚಿತ್ರದುರ್ಗದ ಶೇಂಗಾ ಮಂಡಿಯಿಂದ ಹೊರಟು ದೂರದ ಊರು ಸೇರುವುದು ಕಾವಲಿರುವ ರಸ್ತೆಗಳಿಂದ, ಕಾವಲಿರುವ ಬಂದರುಗಳಿಂದ. ಆ ಕಾವಲಿನವನ ಕೈಯಲ್ಲಿ ಬಂದೂಕಿದೆ. ಅಂಗಡಿಯಲ್ಲಿ ಕುಳಿತವನು ರಾತ್ರಿಭೋಜನವನ್ನು ಬಿಟ್ಟಿರಬಹುದು, ಕಂದಮೂಲವನ್ನು ಬಿಟ್ಟಿರಬಹುದು, ನೀರನ್ನು ಸೋಸಿ ಕುಡಿಯುತ್ತಿರಬಹುದು. ಅವೆಲ್ಲವೂ ಶ್ಲಾಘ್ಯ. ಆದರೆ ಅವನು ನಿಶ್ಚಿಂತೆಯಿಂದ ಸಾಮಾಯಿಕಕ್ಕೆ ಕುಳಿತುಕೊಳ್ಳುವ ಆ 48 ನಿಮಿಷಗಳ ಶಾಂತಿಯನ್ನು ಗಡಿಯಲ್ಲಿ ಯಾರೋ ಒಬ್ಬನು ತನ್ನ ಆತ್ಮಕ್ಕೆ ಹಿಂಸೆಯ ಭಾರವನ್ನು ಹೊರಿಸಿಕೊಂಡು ಸಂಪಾದಿಸಿ ಕೊಡುತ್ತಿದ್ದಾನೆ. ಪಾಲುದಾರಿಕೆಯ ಕರಾರನ್ನು ಬಲ್ಲ ಯಾವ ವ್ಯಾಪಾರಿಯೂ ಇದನ್ನು ಅರ್ಥಮಾಡಿಕೊಳ್ಳಬಲ್ಲನು. ಲಾಭದಲ್ಲಿ ಪಾಲು ಬೇಕು, ನಷ್ಟದಲ್ಲಿ ಬೇಡ ಎನ್ನುವ ಪಾಲುದಾರನನ್ನು ಪೇಟೆಯಲ್ಲಿ ಯಾರೂ ಸಜ್ಜನನೆನ್ನುವುದಿಲ್ಲ. ಧರ್ಮದ ಪೇಟೆಯಲ್ಲಿ ಅವನಿಗೆ ಬೇರೆ ಹೆಸರು ಏಕಿರಬೇಕು?

ಇಲ್ಲಿ ಒಂದು ಅಪಾಯವೂ ಇದೆ. ಕೃತಜ್ಞತೆ ಹೆಚ್ಚಾದಾಗ ಅದು ಯುದ್ಧವನ್ನೇ ಪುಣ್ಯವೆಂದು ಸಾರತೊಡಗುತ್ತದೆ. ವೀರಗಲ್ಲಿನ ನಡುವಣ ಪಟ್ಟಿಕೆಯ ಅಪ್ಸರೆಯರು ಹೇಳುವುದು ಅದನ್ನೇ. ರಣದಲ್ಲಿ ಸತ್ತವನಿಗೆ ಸ್ವರ್ಗ ಖಚಿತವೆಂಬ ಈ ನಂಬಿಕೆಯನ್ನು ಭಗವಾನ್ ಮಹಾವೀರರ ಮುಂದೆಯೇ ಯಾರೋ ಇಟ್ಟಿದ್ದರೆಂದು ಶ್ವೇತಾಂಬರ ಆಗಮವಾದ ಭಗವತೀಸೂತ್ರ ತಿಳಿಸುತ್ತದೆ. ದಿಗಂಬರ ಓದುಗರೂ ಈ ಪ್ರಸಂಗವನ್ನು ತಿಳಿದಿರುವುದು ಒಳ್ಳೆಯದು.

ಮಗಧದ ಕೂಣಿಕನಿಗೂ ವೈಶಾಲಿಯ ಚೇಟಕನಿಗೂ ಘೋರ ಯುದ್ಧವಾಯಿತು. ವೈಶಾಲಿಯ ವರುಣನೆಂಬವನು ವ್ರತಸ್ಥ ಶ್ರಾವಕ. ಎರಡೆರಡು ದಿನಗಳ ಉಪವಾಸಗಳನ್ನು ನಡೆಸುತ್ತಿದ್ದವನು. ರಾಜಾಜ್ಞೆ ಬಂದಾಗ ತಪ್ಪಿಸಿಕೊಳ್ಳಲಿಲ್ಲ, ರಥವೇರಿ ಹೊರಟ. ತನ್ನನ್ನು ಮೊದಲು ಹೊಡೆದವನನ್ನಲ್ಲದೆ ಬೇರೆ ಯಾರನ್ನೂ ಹೊಡೆಯುವುದಿಲ್ಲವೆಂದು ನಿಯಮ ಮಾಡಿಕೊಂಡ. ಎದುರಾಳಿ ಬಂದು “ಹೊಡೆ” ಎಂದಾಗ ತನ್ನ ನಿಯಮವನ್ನು ಹೇಳಿ ಸುಮ್ಮನೆ ನಿಂತ. ಎದುರಾಳಿಯ ಬಾಣ ಮೈಗೆ ನಾಟಿತು. ಆಗ ವರುಣನೂ ಬಾಣ ಬಿಟ್ಟ, ಎದುರಾಳಿ ಸತ್ತ. ತನ್ನ ಗಾಯವೂ ಮಾರಣಾಂತಿಕವೆಂದು ತಿಳಿದು ವರುಣನು ರಣದಿಂದ ರಥವನ್ನು ಹೊರಕ್ಕೆ ತಿರುಗಿಸಿ, ಏಕಾಂತ ಸ್ಥಳದಲ್ಲಿ ದರ್ಭೆ ಹಾಸಿ ಕುಳಿತು, ತನ್ನಿಂದಾದ ಹಿಂಸೆಯನ್ನು ಆಲೋಚಿಸಿ, ಸಮಸ್ತ ಹಿಂಸೆಗೂ ಪ್ರತ್ಯಾಖ್ಯಾನ ಮಾಡಿ, ಬಾಣವನ್ನು ಕಿತ್ತು ಸಮಾಧಿಮರಣವನ್ನು ಹೊಂದಿದ. ಅವನ ಮೇಲೆ ದೇವತೆಗಳು ಹೂಮಳೆ ಸುರಿಸಿದರು. ಅದನ್ನು ಕಂಡ ಜನ, ಯುದ್ಧದಲ್ಲಿ ಸತ್ತವರೆಲ್ಲ ಸ್ವರ್ಗಕ್ಕೆ ಹೋಗುತ್ತಾರೆಂದು ಮಾತಾಡಿಕೊಳ್ಳತೊಡಗಿದರು. ಗೌತಮರು ಕೇಳಿದಾಗ ಮಹಾವೀರರು ಅದು ಸುಳ್ಳೆಂದರು. ಆ ಯುದ್ಧದಲ್ಲಿ ಸತ್ತ ಲಕ್ಷಾಂತರ ಮಂದಿಯಲ್ಲಿ ಬಹುತೇಕರು ನರಕ, ತಿರ್ಯಕ್ ಗತಿಗಳಿಗೆ ಹೋದರು. ವರುಣನಿಗೆ ಸ್ವರ್ಗ ದೊರೆತದ್ದು ಬಾಣ ಬಿಟ್ಟದ್ದಕ್ಕಲ್ಲ, ಬಾಣ ಬಿಟ್ಟ ಮೇಲೆ ಮಾಡಿದ್ದಕ್ಕೆ.

ಈ ಕಥೆಯಲ್ಲಿ ಜನರು ಮಾಡಿದ ತಪ್ಪನ್ನೇ ಸ್ಮಾರಕಗಳು ಮತ್ತೆ ಮತ್ತೆ ಮಾಡುತ್ತವೆ. ಹೂಮಳೆ ಬಿದ್ದದ್ದನ್ನು ನೋಡುತ್ತಾರೆ, ಏತಕ್ಕಾಗಿ ಬಿತ್ತೆಂದು ಕೇಳುವುದಿಲ್ಲ. ಮಹಾವೀರರ ಮಾತು ಸೈನಿಕನಿಗೆ ಮಾಡಿದ ಅವಮಾನವಲ್ಲ. “ನಿನಗೆ ಸ್ವರ್ಗ ಖಚಿತ” ಎಂದು ಆಸೆ ಹುಟ್ಟಿಸಿ ಯುವಕರನ್ನು ಸಾವಿಗೆ ಕಳುಹಿಸುವವರ ಕೈಯಿಂದ ಅದು ಒಂದು ದೊಡ್ಡ ಸಾಧನವನ್ನು ಕಸಿದುಕೊಳ್ಳುತ್ತದೆ. ಸೈನಿಕನು ಕೊಡುವುದು ಏನೆಂಬುದೂ ಆಗಲೇ ತಿಳಿಯುತ್ತದೆ. ಸ್ವರ್ಗ ಸಿಗುವುದಾದರೆ ಅದು ವಿನಿಮಯ; ಸಿಗುವ ಖಾತರಿಯಿಲ್ಲದೆ ಕೊಟ್ಟದ್ದು ಮಾತ್ರ ತ್ಯಾಗ. ಅಂಜದೀವದ ಏಳು ಮಂದಿ ಪ್ರಾಣವನ್ನಷ್ಟೇ ಅಲ್ಲ, ಜೈನ ದೃಷ್ಟಿಯಲ್ಲಿ ಅದಕ್ಕಿಂತ ಹಿರಿದಾದ ಆತ್ಮದ ಹಿತವನ್ನೂ ಪರರಿಗಾಗಿ ಅಪಾಯಕ್ಕೆ ಒಡ್ಡಿದರು. ಅವರ ಮುಂದೆ ತಲೆ ಬಾಗಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ. ಕೊಂದದ್ದನ್ನು ಪುಣ್ಯವೆಂದು ಹೊಗಳುವ ಅಗತ್ಯವೂ ಇಲ್ಲ.

ಕನ್ನಡ ನಾಡಿನ ಜೈನರು ತಮ್ಮದೇ ಸ್ಮಾರಕಗಳಲ್ಲಿ ಈ ತಾರತಮ್ಯವನ್ನು ಪಾಲಿಸಿದ್ದಾರೆಯೇ ಎಂದು ನೋಡಿದರೆ ಶ್ರವಣಬೆಳ್ಗೊಳದ ಚಂದ್ರಗಿರಿಯ ಮೇಲಿನ ಕೂಗೆ ಬ್ರಹ್ಮದೇವ ಕಂಬ ಎದುರಿಗೆ ಬರುತ್ತದೆ. ಗಂಗರ ದೊರೆ ಇಮ್ಮಡಿ ಮಾರಸಿಂಹನ ನೆನಪಿಗೆ ನಿಂತ ಆ ಕಂಬದ ಶಾಸನ ಅವನ ಗೆಲುವುಗಳ ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. ಅದರಲ್ಲಿ ಉಚ್ಚಂಗಿಯ ಕೋಟೆಯನ್ನು ಹಿಡಿದದ್ದೂ ಸೇರಿದೆ. ಅವನ ಬಿರುದೊಂದು ನೊಳಂಬಕುಲಾಂತಕ. ಇಂದಿನ ಚಿತ್ರದುರ್ಗ, ಹಿರಿಯೂರು ಪ್ರದೇಶವೆಲ್ಲ ಅಂದು ನೊಳಂಬವಾಡಿ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಹಿರಿಯೂರಿಗೆ ದೂರವೇನಲ್ಲ. ಆದುದರಿಂದ ಈ ಸೀಮೆಯ ಜೈನಯಾತ್ರಿಕನು ಆ ಕಂಬದ ಮುಂದೆ ವಿಚಿತ್ರವಾದ ಸ್ಥಿತಿಯಲ್ಲಿರುತ್ತಾನೆ. ಧರ್ಮದಿಂದ ಅವನು ಗೆದ್ದವನ ಕಡೆ, ಊರಿನಿಂದ ಸೋತವರ ಕಡೆ. ಯಾವ ಸ್ಮಾರಕವನ್ನಾದರೂ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು.

ಅದೇ ಮಾರಸಿಂಹನು ಕೊನೆಗೆ ರಾಜ್ಯವನ್ನು ಬಿಟ್ಟು ಬಂಕಾಪುರದಲ್ಲಿ ಅಜಿತಸೇನ ಆಚಾರ್ಯರ ಪಾದಮೂಲದಲ್ಲಿ ಮೂರು ದಿನ ಸಲ್ಲೇಖನ ವ್ರತವನ್ನು ಆಚರಿಸಿ 974ರ ಸುಮಾರಿನಲ್ಲಿ ಮುಡಿಪಿದನು. ಒಂದೇ ಕಂಬ ಅವನಿಗೆ ವೀರಗಲ್ಲೂ ಹೌದು, ನಿಷಿಧಿಗಲ್ಲೂ ಹೌದು. ಅವನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನ ಯುದ್ಧಗಳನ್ನು ಕೆತ್ತಿದ್ದ ಕಂಬ ವಿಂಧ್ಯಗಿರಿಯ ಮೇಲಿದೆ. ತ್ಯಾಗದ ಬ್ರಹ್ಮದೇವ ಕಂಬವೆಂದು ಅದಕ್ಕೆ ಹೆಸರು. ಸುಮಾರು ಎರಡು ಶತಮಾನಗಳ ಮೇಲೆ ಹೆಗ್ಗಡೆ ಕಣ್ಣನೆಂಬವನು ತನ್ನ ಪುಟ್ಟ ಶಾಸನವೊಂದನ್ನು ಬರೆಸುವುದಕ್ಕಾಗಿ ಆ ಕಂಬದ ಮೂರು ಮುಖಗಳ ಬರಹವನ್ನು ಒರೆಸಿಹಾಕಿಸಿದ. ಇತಿಹಾಸಕಾರರು ಇದಕ್ಕಾಗಿ ಇಂದಿಗೂ ಅವನನ್ನು ಶಪಿಸುತ್ತಾರೆ, ಶಪಿಸತಕ್ಕದ್ದೇ. ಆದರೆ ಸಮರಗಳ ಆ ವಿವರವೆಲ್ಲ ಅಳಿಸಿಹೋದದ್ದರಿಂದ ಚಾವುಂಡರಾಯನ ಕೀರ್ತಿಗೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ. ಜನ ಅವನನ್ನು ನೆನೆಯುವುದು ಅದೇ ಬೆಟ್ಟದ ಮೇಲೆ ನಿಂತ ಬಾಹುಬಲಿಯಿಂದ. ಆ ಬಾಹುಬಲಿಯ ಕಥೆಯಲ್ಲಾದರೋ ಯುದ್ಧವೇ ತಪ್ಪಿಹೋಯಿತು. ಅಣ್ಣತಮ್ಮಂದಿರ ಎರಡು ಸೇನೆಗಳು ಎದುರುಬದುರಾಗಿ ನಿಂತಿದ್ದಾಗ ಮಂತ್ರಿಗಳು ಮಧ್ಯೆ ಬಂದು, ಜಗಳ ಇಬ್ಬರದಾದರೆ ಇಬ್ಬರೇ ತೀರಿಸಿಕೊಳ್ಳಲಿ ಎಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಅಂದು ಸಾಯದೆ ಮನೆಗೆ ಮರಳಿದ ಸಾವಿರಾರು ಭಟರಿಗೆ ವೀರಗಲ್ಲಿಲ್ಲ. ಅವರನ್ನು ಉಳಿಸಿದ ಮಂತ್ರಿಗಳ ಹೆಸರನ್ನು ಕೇಳಿದರೆ ಪೂಜೆಗೆ ಬಂದವರಲ್ಲಿ ಹೆಚ್ಚಿನವರು ಹೇಳಲಾರರು.

ಗೋವಾದ ಕಥೆಯಲ್ಲೂ ಇಂಥ ಒಬ್ಬ ಮನುಷ್ಯನಿದ್ದಾನೆ. ಅವನು ಭಾರತದ ಕಡೆಯವನಲ್ಲ. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಾಜಾರ್ ತನ್ನ ಗವರ್ನರ್ ಜನರಲ್ ವಸಾಲೋ ಇ ಸಿಲ್ವಾನಿಗೆ ಕೊನೆಯವರೆಗೂ ಹೋರಾಡಬೇಕು, ಶರಣಾಗತಿಯ ಮಾತೇ ಬೇಡ, ಗೆದ್ದ ಸೈನಿಕರು ಇಲ್ಲವೇ ಸತ್ತ ಸೈನಿಕರು ಮಾತ್ರ ಇರಬೇಕು ಎಂಬರ್ಥದ ಆಜ್ಞೆಯನ್ನು ಕಳುಹಿಸಿದ್ದ. ಗೆಲ್ಲುವ ಸಂಭವ ಇಲ್ಲವೆಂದು ಬಲ್ಲ ಸಿಲ್ವಾ ಡಿಸೆಂಬರ್ 19ರ ಸಂಜೆ ಶರಣಾದ. ಅವನ ಕೈಕೆಳಗೆ ಸಾವಿರಾರು ಮಂದಿ ಸೈನಿಕರಿದ್ದರು. ಸತ್ತವರು ಸುಮಾರು 30. ಅವನು ಆಜ್ಞೆಯನ್ನು ಪಾಲಿಸಿದ್ದರೆ ಭಾರತದ ಕಡೆ ಸತ್ತವರ ಸಂಖ್ಯೆಯೂ ಎಷ್ಟಕ್ಕೆ ಏರುತ್ತಿತ್ತೋ. ಊರಿಗೆ ಮರಳಿದ ಮೇಲೆ ಅವನ ದೇಶ ಅವನನ್ನು ಸೈನ್ಯದಿಂದ ಹೊರಹಾಕಿತು; ಆ ಸರ್ವಾಧಿಕಾರ ಬಿದ್ದುಹೋದ ನಂತರ, 1974ರಲ್ಲಿ, ಅವನ ಪದವಿ ಅವನಿಗೆ ಮರಳಿತು. ಅಂಜದೀವದ ನಾವಿಕರ ಸ್ಮಾರಕದ ಮುಂದೆ ನಿಂತವನು ಈ ಸೋತ ಸೇನಾನಿಯನ್ನೂ ನೆನೆದರೆ ಆ ಏಳು ಮಂದಿಗೆ ಅಗೌರವವಾಗುವುದಿಲ್ಲ. ಅವರ ಸಂಗಡಿಗರಲ್ಲಿ ಎಷ್ಟೋ ಮಂದಿ ಜೀವಂತವಾಗಿ ಮನೆ ಸೇರಿದ್ದರಲ್ಲಿ ಅವನ ಪಾಲೂ ಇದೆ.

ದ್ವೀಪದಲ್ಲಿದ್ದ ಪೋರ್ಚುಗೀಸರಲ್ಲಿ ಒಬ್ಬ ಸಾಮಾನ್ಯ ಸಿಪಾಯಿ ಸಮುದ್ರವನ್ನು ಈಜಿ ದಡ ಸೇರಿದ್ದನಂತೆ. ಡಿಸೆಂಬರ್ 22ರಂದು ಅವನು ಸೆರೆಸಿಕ್ಕ. ಗೋವಾದಲ್ಲಿ ಎಲ್ಲ ಮುಗಿದು ಮೂರು ದಿನಗಳಾಗಿದ್ದವು. ಒದ್ದೆ ಬಟ್ಟೆಯಲ್ಲಿ, ಗೊತ್ತಿಲ್ಲದ ನೆಲದಲ್ಲಿ ಅಡಗಿದ್ದ ಆ ಮನುಷ್ಯನನ್ನು ಯಾವ ಗುಂಪಿಗೆ ಸೇರಿಸಬೇಕು? ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ವೀರನು ದೊಡ್ಡವನಾಗಿಯೂ ಎದುರಾಳಿಗಳು ಅವನ ಕಾಲ ಬಳಿ ಬೆರಳುದ್ದದವರಾಗಿಯೂ ಇರುತ್ತಾರೆ. ಅವರಿಗೂ ಜೀವವಿತ್ತು, ಜೀವವಿದ್ದುದರಿಂದಲೇ ಅವರ ಸಾವು ಹಿಂಸೆ. ಕಳಿಂಗದಲ್ಲಿ ಸತ್ತ ಒಂದು ಲಕ್ಷ ಮಂದಿಯನ್ನು, ಸೆರೆಯಾಗಿ ಹೋದ ಒಂದೂವರೆ ಲಕ್ಷ ಮಂದಿಯನ್ನು ತಾನೇ ಎಣಿಸಿ ಕಲ್ಲಿನಲ್ಲಿ ಕೆತ್ತಿಸಿದ ದೊರೆಯೊಬ್ಬನು ಈ ನಾಡಿಗೆ ಅಪರಿಚಿತನಲ್ಲ. ಪ್ರಾಣಿಗಳಲ್ಲಿ ದಯೆಯನ್ನು ದೃಢಗೊಳಿಸಬೇಕೆಂದು ಹೇಳುವ ಅವನ ಇನ್ನೊಂದು ಶಾಸನ ಇದೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲಿದೆ. ಗೆದ್ದವನು ಸೋತವರ ಹೆಣಗಳನ್ನು ಎಣಿಸಿದ್ದು ಲೋಕದಲ್ಲಿ ಅಪರೂಪ. ಖರ್ಚಿನ ಪುಟವಿಲ್ಲದೆ ಜಮೆಯ ಪುಟ ಮಾತ್ರವಿರುವ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ. ಸ್ಮಾರಕಗಳ ಮಟ್ಟಿಗೆ ಮಾತ್ರ ಇಡೀ ಜಗತ್ತು ಅಂಥ ಖಾತೆಗೆ ಕಣ್ಣು ಮುಚ್ಚಿ ಸಹಿ ಹಾಕುತ್ತದೆ.

ಹಾಗೆಂದು ಸ್ಮಾರಕದ ಕಲ್ಲನ್ನೇ ತಿದ್ದಬೇಕೆಂದಲ್ಲ. ಸತ್ತವರ ಮನೆಯವರಿಗೆ ಆ ಹೆಸರುಗಳಷ್ಟೇ ಉಳಿದಿವೆ. ಅಲ್ಲಿ ನಿಂತು ತತ್ತ್ವಚರ್ಚೆ ಮಾಡುವುದು ಅವಿವೇಕ. ತಿದ್ದಬೇಕಾದದ್ದು ನಿಂತು ನೋಡುವವನ ಭಾವವನ್ನು. ಶ್ರಾವಕನು ಪ್ರತಿಕ್ರಮಣದಲ್ಲಿ ಸಮಸ್ತ ಜೀವಗಳ ಕ್ಷಮೆಯನ್ನು ಬೇಡುತ್ತಾನೆ. ಕಾಲಡಿಯ ಇರುವೆ, ನೀರಿನ ಜೀವ, ಹಸಿರಿನ ಜೀವ ಎಲ್ಲವೂ ಆ ಎಣಿಕೆಯಲ್ಲಿ ಬರುತ್ತವೆ. ತನ್ನ ಪರವಾಗಿ ಕೊಂದವನೂ ತನ್ನ ಪರವಾಗಿ ಕೊಲ್ಲಲ್ಪಟ್ಟವನೂ ಆ ಎಣಿಕೆಯಲ್ಲಿ ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲ. ಬರಬೇಕು. ಅದು ಬಂದರೆ ವೀರಗಲ್ಲಿಗೆ ಕೈ ಮುಗಿದದ್ದು ಅನುಮೋದನೆಯ ದೋಷವಾಗುವುದಿಲ್ಲ, ಆಲೋಚನೆಯ ಒಂದು ಅಂಗವಾಗುತ್ತದೆ.

ಕೊನೆಗೆ ಒಂದು ಸಣ್ಣ ವ್ಯಾವಹಾರಿಕ ವಿಚಾರ. 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಲಾಗುತ್ತಿದೆ. ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿ ಹಣ ಕೇಳುತ್ತಾರೆ; ಆ ಹಣ ಗಾಯಗೊಂಡ ಸೈನಿಕರಿಗೂ ಸತ್ತವರ ಕುಟುಂಬಗಳಿಗೂ ಸಲ್ಲುತ್ತದೆ. ಪೇಟೆಬೀದಿಯ ವ್ಯಾಪಾರಿಗಳು ಇಲ್ಲವೆನ್ನದೆ ಕೊಡುತ್ತಾರೆ, ಸಂಜೆ ಅದನ್ನು ಧರ್ಮದ ಖಾತೆಯಲ್ಲಿ ಬರೆಯುತ್ತಾರೆ. ಗಿರಾಕಿಯ ಚೀಲದಿಂದ ಬಂದ ಧರ್ಮಾದಾಯದ ಹಣಕ್ಕೆ ತಮ್ಮ ಹೆಸರಿನ ಕಲ್ಲು ಹಾಕಿಸುವವರೂ ಇದ್ದಾರೆಂಬುದು ಬೇರೆ ಮಾತು. ಧ್ವಜ ದಿನದ ಹಣವನ್ನು ಧರ್ಮದ ಖಾತೆಯಲ್ಲಿ ಬರೆಯುವುದು ಲೆಕ್ಕಶಾಸ್ತ್ರದ ಪ್ರಕಾರ ತಪ್ಪು. ಕೊಡಬೇಕಾದ ಬಾಕಿಯಲ್ಲಿ ಒಂದು ಅಲ್ಪಭಾಗ ಸಂದಾಯವಾಗಿದೆ, ಅಷ್ಟೆ. ಬಾಕಿಯ ಖಾತೆಯಲ್ಲಿ ಬರೆದು ಉಳಿಕೆಯನ್ನು ಮುಂದಿನ ಪುಟಕ್ಕೆ ಒಯ್ಯಬೇಕು.